ಥರ್ಮಾಕೋಲ್ ವಿಮಾನದಿಂದ ಪುಷ್ಪವೃಷ್ಟಿ

ಹಗುರವಾದದ್ದು ಕಣ್ಣಿಗೆ ಬಿದ್ದರೆ ಅದರ ಮೇಲೆ ಏನನ್ನಾದರೂ ಹೇರದೆ ನಮಗೆ ಸಮಾಧಾನವಿಲ್ಲ. ಖಾಲಿ ಗೋಡೆ ಕಂಡರೆ ಜಾಹೀರಾತು, ಖಾಲಿ ಕಟ್ಟೆ ಕಂಡರೆ ಪುತ್ಥಳಿ, ಖಾಲಿ ಕೂತ ಮನುಷ್ಯ ಕಂಡರೆ ಯಾವುದಾದರೊಂದು ಸಮಿತಿಯ ಅಧ್ಯಕ್ಷಗಿರಿ. ಇಬ್ಬರು ಕೂರುವ ಬೈಕಿನ ಮೇಲೆ ಇಡೀ ಸಂಸಾರವನ್ನೂ ಅದರ ನಡುವೆ ಗ್ಯಾಸ್ ಸಿಲಿಂಡರನ್ನೂ ಕೂರಿಸಿಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಇದನ್ನು ಬೇರೆಯವರನ್ನು ಆಡಿಕೊಳ್ಳಲೆಂದು ಹೇಳುತ್ತಿಲ್ಲ, ಅಥವಾ ಅದಕ್ಕಾಗಿ ಮಾತ್ರ ಹೇಳುತ್ತಿಲ್ಲ. ನಾನೊಂದು ಸಣ್ಣ ವಿಮಾನ ಕಟ್ಟಿದೆ. ಅದು ಹಾರಿತು. ಅಲ್ಲಿಗೆ ಕೈ ಬಿಟ್ಟಿದ್ದರೆ ನನ್ನ ಹೆಂಡತಿಯ ತಮ್ಮ ನನ್ನ ಜೊತೆ ಮಾತು ಬಿಡುತ್ತಿರಲಿಲ್ಲ, ಶಹಾಪುರದ ಒಂದು ವಾರ್ಡಿನ ರಾಜಕೀಯವೂ ತನ್ನ ಪಾಡಿಗೆ ತಾನು ಹೇಗೋ ನಡೆದುಕೊಂಡು ಹೋಗುತ್ತಿತ್ತು.

ನಾನಿರುವುದು ಯಾದಗಿರಿಯಲ್ಲಿ. ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿಯೆಂದು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ನಿಮ್ಮ ಅರ್ಜಿ ಎಲ್ಲಿಗೆ ಬಂತೆಂದು ಕೇಳುತ್ತೀರಿ. ನಮ್ಮಲ್ಲಿ ಫೈಲಿನ ಮೇಲೆ ವಜನ ಇಟ್ಟರೆ ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹಾರುತ್ತದೆ, ಇಡದಿದ್ದರೆ ಕೂತಲ್ಲೇ ಕೂತಿರುತ್ತದೆ. ಇಷ್ಟು ವರ್ಷ ಈ ಒಂದೇ ವಿಜ್ಞಾನ ಕಲಿತವನಿಗೆ, ವಜನ ಕಡಿಮೆಯಾದರೆ ಹಾರುವ ವಸ್ತುವೂ ಲೋಕದಲ್ಲಿದೆ ಎಂದು ಗೊತ್ತಾದದ್ದು ಕೆಲಸವೇನೂ ಇಲ್ಲದ ಒಂದು ಮಧ್ಯಾಹ್ನ, ಅಂದರೆ ಕಚೇರಿಯ ಸಮಯದಲ್ಲಿ. ಮೊಬೈಲಿನಲ್ಲಿ ಯಾರೋ ಒಬ್ಬ ಬೋಳುತಲೆಯವನು ಥರ್ಮಾಕೋಲ್ ಹಾಳೆ ಕತ್ತರಿಸಿ, ಮಡಚಿ, ಮೂತಿಗೊಂದು ಮೋಟಾರು ಸಿಕ್ಕಿಸಿ ಮೇಲಕ್ಕೆ ಎಸೆದ. ಅದು ಹಕ್ಕಿಯ ಹಾಗೆ ಹೋಯಿತು. ಅವನ ತಲೆಯೂ ನನ್ನ ತಲೆಯೂ ಒಂದೇ ತರಹ ಇದ್ದುದರಿಂದ ನನ್ನ ಕೈಯಲ್ಲೂ ಆದೀತೆಂದು ಧೈರ್ಯ ಬಂತು.

ಎರಡೂ ಕಡೆ ಕಾಗದ ಅಂಟಿಸಿದ ತೆಳ್ಳನೆಯ ಥರ್ಮಾಕೋಲ್ ಹಾಳೆಗಳನ್ನು ಕೊಳ್ಳಲು ಹೋದಾಗ ಅಂಗಡಿಯವನು, "ಮಕ್ಕಳ ಪ್ರಾಜೆಕ್ಟೇನ್ರಿ ಸರ?" ಎಂದ. ಹೌದೆಂದೆ. ಇದ್ದೊಬ್ಬ ಮಗಳು ಮದುವೆಯಾಗಿ ಕಲಬುರಗಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆಂದು ಅವನಿಗೆ ಹೇಳುವ ಅಗತ್ಯವಿರಲಿಲ್ಲ. ಮೋಟಾರು, ಬ್ಯಾಟರಿ, ರಿಮೋಟು, ಬಾಲವನ್ನು ಆಡಿಸುವ ಬೆರಳುಗಾತ್ರದ ಸರ್ವೋ ಮೋಟಾರುಗಳು ಪಾರ್ಸೆಲಿನಲ್ಲಿ ಬಂದವು. ಉಳಿದದ್ದೆಲ್ಲ ನನ್ನ ಹೆಂಡತಿ ಶಾಂತಾಳ ಅಡುಗೆಮನೆಯಿಂದ ಬಂತು. ಹಾಳೆ ಕೊಯ್ಯಲು ಅವಳ ತರಕಾರಿ ಚಾಕು, ಮಡಿಕೆ ತೀಡಲು ಲಟ್ಟಣಿಗೆ, ತೂಕ ನೋಡಲು ಊಟ ತೂಗಿ ತಿಂದು ಸಣ್ಣಗಾಗಬೇಕೆಂದು ಅವಳು ತರಿಸಿ ಮೂಲೆಗಿಟ್ಟಿದ್ದ ಪುಟ್ಟ ತಕ್ಕಡಿ. ಬಿಸಿ ಅಂಟಿನ ಎಳೆಗಳು ಮನೆಯ ತುಂಬ ಜೇಡರ ಬಲೆಯಂತೆ ಹಾರಾಡಿ ಒಂದು ದಿನ ಅನ್ನದಲ್ಲೂ ಸಿಕ್ಕವು. "ಇದನ್ನ ಒಯ್ದು ಹೊರಗ ಒಗೀರಿ" ಎಂಬುದು ಆ ದಿನಗಳಲ್ಲಿ ಅವಳ ಬೆಳಗಿನ ಪ್ರಾರ್ಥನೆಯಾಗಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಸಮತೋಲ. ಎರಡೂ ರೆಕ್ಕೆಗಳ ಕೆಳಗೆ ಒಂದೊಂದು ಬೆರಳು ಇಟ್ಟು ಎತ್ತಿದರೆ ವಿಮಾನ ಮೂತಿಯನ್ನು ಕೂದಲೆಳೆಯಷ್ಟು ಕೆಳಗೆ ಮಾಡಿ ನಿಲ್ಲಬೇಕು. ಹಾಗೆ ನಡುಮನೆಯಲ್ಲಿ ಉಸಿರು ಬಿಗಿಹಿಡಿದು, ಎರಡು ಬೆರಳ ಮೇಲೆ ವಿಮಾನ ಹೊತ್ತು, ಕಣ್ಣು ಅರೆಮುಚ್ಚಿ ನಿಂತಿದ್ದಾಗ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದು, ಬಾಗಿಲಲ್ಲೇ ನಿಂತು, ಶಾಂತಾಳ ಕಿವಿಯಲ್ಲಿ ಏನೋ ಕೇಳಿ ಹೋದಳು. "ಏನ್ ಕೇಳಿದ್ಲು?" ಎಂದೆ. "ಯಾವ ದೇವರು ಮೈಮ್ಯಾಲ ಬಂದಾನ ಅಂತ ಕೇಳಿದ್ಲು" ಎಂದಳು ಶಾಂತಾ.

ಹತ್ತಿಕುಣಿಯ ಕಡೆ ಹೋಗುವ ದಾರಿಯಲ್ಲಿ ಪೈರು ಕೊಯ್ದು ಖಾಲಿ ಬಿಟ್ಟ ಒಂದು ಹೊಲವಿದೆ. ಬೆಳಗ್ಗೆ ಅಲ್ಲಿ ಗಾಳಿ ಇರುವುದಿಲ್ಲ, ನೋಡಿ ನಗುವವರೂ ಇರುವುದಿಲ್ಲ. ಮೊದಲ ಸಲ ಒಬ್ಬನೇ ಹೋದೆ. ಎಡಗೈಯಲ್ಲಿ ರಿಮೋಟು, ಬಲಗೈಯಲ್ಲಿ ವಿಮಾನ, ಎಸೆದೆ. ಅದು ಆಕಾಶದ ಕಡೆ ಮೂತಿಯೆತ್ತಿ, ಅಲ್ಲಿ ಏನೋ ನೆನಪಾದಂತೆ ನಿಂತು, ಬಾಲ ಕೆಳಗಾಗಿ ಬಿತ್ತು. ಬ್ಯಾಟರಿಯನ್ನು ಒಂದಿಷ್ಟು ಮುಂದಕ್ಕೆ ಸರಿಸಿದೆ. ಈಗ ಮೂತಿ ಕೆಳಗಾಗಿ ಬಿತ್ತು. ರಿಮೋಟಿನ ಮೇಲೊಂದು ಕಣ್ಣು, ಎಸೆಯುವ ಕೈಯ ಮೇಲೊಂದು ಕಣ್ಣು ಇಡುವುದು ನನ್ನಿಂದಾಗದೆಂದು ತಿಳಿದು ಮರುದಿನ ಶಾಂತಾಳನ್ನು ಪುಸಲಾಯಿಸಿ ಕರೆದುಕೊಂಡು ಹೋದೆ.

"ಹೊರಗ ಒಗೀರಿ ಅಂತ ದಿನಾ ಹೇಳ್ತಿದ್ದೆ. ಕಡೀಕ ನನ್ನ ಕೈಲೇ ಒಗಸಾಕತ್ತೀರಲ್ಲ" ಎಂದಳು, ಸೆರಗು ಸಿಕ್ಕಿಸಿಕೊಳ್ಳುತ್ತ.

"ಮಾತು ಬಿಡು. ಸೀದಾ ಹಿಡಿದು ಜೋರಲೆ ಒಗಿ."

"ಯಾರ ಮ್ಯಾಲಿನ ಸಿಟ್ಟಿಲೆ ಒಗೀಲಿ?"

"ನನ್ನ ಮ್ಯಾಲ ಅಂತ ತಿಳ್ಕೋ."

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಮೂವತ್ತು ವರ್ಷದ ದಾಂಪತ್ಯ ಒಟ್ಟಾಗಿ ಆ ತೋಳಿಗೆ ಬಂದು ವಿಮಾನ ಅವಳ ಕೈಬಿಟ್ಟಿತು. ಆಮೇಲೆ ಆದದ್ದನ್ನು ತಮಾಷೆ ಮಾಡಲು ಈಗಲೂ ನನಗೆ ಮನಸ್ಸು ಬರುವುದಿಲ್ಲ. ಅದು ಹಾರಿತು. ಜೇನುನೊಣದಂತೆ ಗುಂಯ್‌ಗುಡುತ್ತ ಆಚೆಗಿದ್ದ ಬಂಡೆಗುಡ್ಡದ ಎತ್ತರಕ್ಕೆ ಏರಿ, ನಾನು ಹೆದರುತ್ತ ಹೆದರುತ್ತ ಹೆಬ್ಬೆರಳು ಸರಿಸಿದ ಕಡೆಗೆ ಹೊರಳಿತು. ಬಿಸಿಲು ಅದರ ಬಿಳಿ ರೆಕ್ಕೆಯೊಳಗಿಂದ ಹಾದು ಬರುತ್ತಿತ್ತು. ನನ್ನ ಮಾತು ಕೇಳಿ ಏನಾದರೊಂದು ಚಲಿಸಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ತಿರುಗಿ ನೋಡಿದರೆ ಶಾಂತಾ ಹಣೆಗೆ ಕೈ ಅಡ್ಡ ಹಿಡಿದು, ಬಾಯಿ ತೆರೆದು, ನಮ್ಮ ಮಗಳು ಮೊದಲ ಹೆಜ್ಜೆ ಇಟ್ಟಾಗ ನೋಡಿದ ಹಾಗೆ ನೋಡುತ್ತಿದ್ದಳು. ಇಳಿಯುವಾಗ ಅದು ಪಕ್ಕದ ತೊಗರಿ ಹೊಲದಲ್ಲಿ ಇಳಿಯಿತು; ಆದರೂ ಇಳಿಯಿತು, ಬೀಳಲಿಲ್ಲ.

ತೊಗರಿಯ ಯಜಮಾನ ಬೈಕ್ ನಿಲ್ಲಿಸಿ, ವಿಮಾನವನ್ನು ತಾನೇ ಎತ್ತಿಕೊಂಡು ಬಂದ. ಬೈಯುತ್ತಾನೆಂದುಕೊಂಡೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಎಣ್ಣಿ ಹೊಡಿತದೇನ್ರಿ?" ಎಂದ. ನಮ್ಮ ಕಡೆ ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ಹಾಗೆನ್ನುತ್ತಾರೆ.

"ಇಲ್ರಿ."

"ಫೋಟೋ ಹೊಡಿತದ?"

"ಇಲ್ರಿ. ಬರೇ ಹಾರ್ತದ."

ಅವನು ವಿಮಾನವನ್ನು ನನ್ನ ಕೈಗಿಟ್ಟು, ಶಾಂತಾಳ ಕಡೆ ಮರುಕದಿಂದ ನೋಡಿ, "ಬರೇ ಹಾರೂದಕ್ಕ ಹಕ್ಕಿ ಇಲ್ಲೇನ್ರಿ ಸರ" ಎಂದು ಹೇಳಿ ಬೈಕ್ ಹತ್ತಿ ಹೋದ. ಆ ಮಾತು ನನ್ನ ಎದೆಗೆ ನಾಟಿತು. ನಾನು ಗಟ್ಟಿಗನಾಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಸರ್ಕಾರಿ ನೌಕರನಾದವನಿಗೆ 'ಇದರಿಂದ ಏನು ಉಪಯೋಗ' ಎಂಬ ಪ್ರಶ್ನೆಯಷ್ಟು ಗಾಬರಿ ಹುಟ್ಟಿಸುವುದು ಇನ್ನೊಂದಿಲ್ಲ. ಅದು ಯಾವ ಕ್ಷಣದಲ್ಲಾದರೂ ನಮ್ಮ ಕಡೆಗೇ ತಿರುಗಬಹುದು.

ಅಂದಿನಿಂದ ಸುಧಾರಣೆ ಶುರುವಾಯಿತು. ನಾನು ತೋರಿಸಿದ ಹಾರಾಟದ ವಿಡಿಯೋ ನೋಡಿ ನಮ್ಮ ಕಚೇರಿಯ ಸಾಹೇಬರು, "ಗಾಲಿ ಇಲ್ಲದ ವಿಮಾನ ವಿಮಾನ ಹೆಂಗಾದೀತು?" ಎಂದರು. ಸಾಹೇಬರು ಹೇಳಿದ ಮೇಲೆ ಗಾಲಿ ಬಂತು. ಗಾಲಿಯ ಭಾರಕ್ಕೆ ದೊಡ್ಡ ಮೋಟಾರು, ಆ ಮೋಟಾರಿನ ಹಸಿವಿಗೆ ದೊಡ್ಡ ಬ್ಯಾಟರಿ, ಆ ಬ್ಯಾಟರಿಯನ್ನು ಹೊರಲು ಉದ್ದದ ರೆಕ್ಕೆ, ಉದ್ದದ ರೆಕ್ಕೆ ಬಾಗದಂತೆ ಅದರೊಳಗೊಂದು ಅಲ್ಯೂಮಿನಿಯಂ ಕೊಳವೆ, ಕೊಳವೆಯ ಭಾರಕ್ಕೆ ಇನ್ನೂ ದೊಡ್ಡ ಮೋಟಾರು. ಸರ್ಕಾರದಲ್ಲಿ ಒಂದು ಹೊಸ ಇಲಾಖೆ ಹೀಗೆಯೇ ಬೆಳೆಯುವುದನ್ನು ನೋಡಿದ್ದೇನೆ. ಕೆಂಪು ಹಳದಿ ಬಣ್ಣ ನಾನಾಗಿಯೇ ಬಳಿದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಪ್ರತಿ ಸುಧಾರಣೆಯ ನಂತರವೂ ಹೊಲಕ್ಕೆ ಹೋಗಿ ಹಾರಿಸುತ್ತಿದ್ದೆ, ಪ್ರತಿ ಸಲವೂ ಅದು ಮೊದಲಿಗಿಂತ ಸ್ವಲ್ಪ ಕಡಿಮೆ ಹಾರುತ್ತಿತ್ತು. ಜೊತೆಗೆ ಇನ್ನೊಂದು ತೊಡಕು ಕೊನೆಯವರೆಗೂ ನನ್ನನ್ನು ಬಿಡಲಿಲ್ಲ. ವಿಮಾನ ನಮ್ಮಿಂದ ದೂರ ಹೋಗುವಾಗ ರಿಮೋಟಿನ ಬಲ ಎಂದರೆ ಬಲ. ಅದು ತಿರುಗಿ ನಮ್ಮ ಕಡೆ ಬರುವಾಗ ಬಲ ಒತ್ತಿದರೆ ಅದು ನಮ್ಮ ಎಡಕ್ಕೆ ಹೋಗುತ್ತದೆ. ಚುನಾವಣೆಗೆ ಮುಂಚೆ ಮತ್ತು ನಂತರ ನಾಯಕರು ಹೀಗಾಗುವುದನ್ನು ಸಹಿಸಿಕೊಂಡ ನಾನು ಥರ್ಮಾಕೋಲಿನ ವಿಷಯದಲ್ಲಿ ಮಾತ್ರ ಪ್ರತಿ ಸಲವೂ ಮೋಸಹೋಗುತ್ತಿದ್ದೆ.

ಇಂಥ ಹೊತ್ತಿನಲ್ಲಿ ಶಾಂತಾಳ ತಮ್ಮ ಸಿದ್ದು ಶಹಾಪುರದಿಂದ ಬಂದ. ಅವನದು ಅಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಮನಸ್ಸೆಲ್ಲ ನಗರಸಭೆಯ ಸದಸ್ಯಗಿರಿಯ ಮೇಲೆ. ಅವನ ವಾರ್ಡಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೊಂದು ಉದ್ಘಾಟನೆಗೆ ಸಿದ್ಧವಾಗಿತ್ತು. ಅದನ್ನು ತಂದವನು ತಾನೆಂದು ಸಿದ್ದು ಹೇಳುತ್ತಿದ್ದ. ಅದೇ ವಾರ್ಡಿನ, ಅದೇ ಆಸೆಯ ಹಣಮಂತ್ರಾಯ ಎಂಬವನು ತಂದವನು ತಾನೆಂದು ಹೇಳುತ್ತಿದ್ದ. ಘಟಕ ಸುಮ್ಮನೆ ನಿಂತಿತ್ತು. ಅದರಿಂದ ಆಗ ನೀರೂ ಬರುತ್ತಿರಲಿಲ್ಲ. ಚುನಾವಣೆಗೆ ಟಿಕೆಟ್ ಕೊಡಿಸಬಲ್ಲ ದೊಡ್ಡ ನಾಯಕರೊಬ್ಬರು ಉದ್ಘಾಟನೆಗೆ ಬರುವವರಿದ್ದರು.

"ಮಾಮಾ, ಸಾಹೇಬ್ರು ಸ್ಟೇಜ್ ಮ್ಯಾಲ ಕಾಲಿಟ್ಟ ಕೂಡ್ಲೇ ಮ್ಯಾಲಿಂದ ಹೂವಿನ ಮಳಿ ಆಗಬೇಕ್ರಿ. ಹೆಲಿಕಾಪ್ಟರ್ ತರೋ ತಾಕತ್ ನನಗಿಲ್ಲ. ನೀವದೀರಿ" ಎಂದ.

"ಬ್ಯಾಡೋ ಸಿದ್ದು, ಅದು ಈಗ ಹಾರೂದೇ ಕಷ್ಟ ಆಗೇದ" ಎಂದು ಶಾಂತಾ ಒಳಗಿನಿಂದ ಕೂಗಿದಳು. ಆ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಿದ್ದು ಜೇಬಿನಿಂದ ಆಮಂತ್ರಣ ಪತ್ರಿಕೆಯ ಕರಡು ತೆಗೆದ. ಅದರ ಕೆಳತುದಿಯಲ್ಲಿ, ಧ್ವನಿವರ್ಧಕದವನ ಹೆಸರಿನ ಮೇಲೆ, ನನ್ನ ಹೆಸರೂ ಅದರ ಮುಂದೆ 'ವಿಮಾನ ತಜ್ಞರು, ಯಾದಗಿರಿ' ಎಂದೂ ಇತ್ತು. ನಾನು ಕನ್ನಡಕ ಹಾಕಿಕೊಂಡು ಅದನ್ನು ಓದಿದೆ. ಕಾಗುಣಿತ ಸರಿ ಇದೆಯೇ ನೋಡುವವನಂತೆ ಇನ್ನೊಂದು ಸಲ ಓದಿದೆ. "ವಿಮಾನದ ಹೊಟ್ಟಿ ಕೆಳಗೊಂದು ಪೆಟ್ಟಿಗಿ ಮಾಡಬೇಕಾಗ್ತದ" ಎಂದೆ.

ಬೆನ್ನು ಬಾಗಿಸಿ ಪೆಟ್ಟಿಗೆ ಮಾಡಿದೆ. ಅದಕ್ಕೊಂದು ಬಾಗಿಲು, ಬಾಗಿಲು ತೆರೆಯಲು ಇನ್ನೊಂದು ಸರ್ವೋ. ಗುಲಾಬಿ ಎಸಳು ತುಂಬಿ ಹೊಲದಲ್ಲಿ ಹಾರಿಸಿದಾಗ ಬಾಗಿಲು ತೆರೆದು ಎಸಳು ಉದುರಿದವು. ಕೆಳಗೆ ನಿಂತ ಶಾಂತಾಳ ತಲೆಯ ಮೇಲೆಯೂ ಒಂದೆರಡು ಬಿದ್ದವು. "ಮದುವಿಯಾದ ಮ್ಯಾಲ ಇದೇ ಮೊದಲ್ನೇ ಸಲ ಹೂವ ಕೊಟ್ರಿ" ಎಂದಳು. ಎಲ್ಲ ಸರಿಹೋಯಿತೆಂದುಕೊಂಡೆ.

ಉದ್ಘಾಟನೆಯ ದಿನ ಬೆಳಗ್ಗೆಯೇ ಶಹಾಪುರ ಮುಟ್ಟಿದೆವು. ಗಾಳಿ ಏಳುವ ಮೊದಲೇ ಹಾರಿಸಬೇಕೆಂದು ಸಿದ್ದುವಿಗೆ ಸಾರಿ ಸಾರಿ ಹೇಳಿದ್ದೆ. ಅವನೂ ಒಪ್ಪಿದ್ದ. ಆದರೆ ದೊಡ್ಡ ನಾಯಕರಿಗೆ ಗಾಳಿಯ ವಿಚಾರ ಯಾರೂ ಹೇಳಿರಲಿಲ್ಲ. ಅವರು ಸುರಪುರದಲ್ಲಿ ಒಂದು ನಾಷ್ಟಾ, ದಾರಿಯಲ್ಲಿ ಒಂದು ಸನ್ಮಾನ ಮುಗಿಸಿ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ, ಶಾಮಿಯಾನದ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಗುಲಾಬಿ ಎಸಳುಗಳು ಬಾಡಿ ಚಹಾಪುಡಿಯಂತಾಗಿದ್ದವು. ಸಿದ್ದುವಿನ ಹುಡುಗರು ಅವನ್ನು ಚೆಲ್ಲಿ, ನಾನು ಬೇಡ ಬೇಡವೆನ್ನುವಾಗಲೇ ಪೆಟ್ಟಿಗೆಗೆ ಇಡಿ ಇಡೀ ಚೆಂಡುಹೂ ತುರುಕಿದರು. "ಎಸಳು ಫೋಟೋದಾಗ ಕಾಣಂಗಿಲ್ರಿ" ಎಂಬುದು ಅವರ ತರ್ಕ. ಅಷ್ಟಾದ ಮೇಲೆ ಸಿದ್ದು ಒಂದು ಬಟ್ಟೆಯ ಬ್ಯಾನರ್ ತಂದು ಬಾಲಕ್ಕೆ ಕಟ್ಟಿದ. ಅದರಲ್ಲಿ ಅವನು ಎರಡೂ ಕೈ ಜೋಡಿಸಿ, ತುಸು ಬಾಗಿ ನಗುತ್ತಿದ್ದ. ಶಾಂತಾ ಹೆಂಗಸರ ಸಾಲಿನಿಂದ ಎದ್ದು ಬಂದು, "ಇದೇನ್ ವಿಮಾನೇನು, ಬಟ್ಟಿ ಒಣಹಾಕೋ ಹಗ್ಗೇನು?" ಎಂದು ಕೇಳಿ ಹೋದಳು. ಪೊಲೀಸಿನವನೊಬ್ಬ ಬಂದು, "ಪರ್ಮಿಶನ್ ಅದಾ?" ಎಂದ. "ಅವ್ರು ಗೌರ್ಮೆಂಟ್ ನೌಕರಿಯವ್ರ ಅದಾರ್ರಿ" ಎಂದ ಸಿದ್ದು. "ಹಂಗಾದ್ರ ನಡೀತದ" ಎಂದು ಪೊಲೀಸಿನವನು ನೆರಳಿಗೆ ಹೋದ. ಯಾವ ಪ್ರಶ್ನೆಗೆ ಯಾವ ಉತ್ತರವೋ ನನಗೆ ತಿಳಿಯಲಿಲ್ಲ, ಇಬ್ಬರಿಗೂ ತಿಳಿದಂತಿತ್ತು.

ಹಣಮಂತ್ರಾಯನಿಗೆ ಆಮಂತ್ರಣವಿರಲಿಲ್ಲ. ಆದರೂ ಅವನು ಬಂದಿದ್ದ. ಬಿಳಿ ಅಂಗಿ ತೊಟ್ಟು, ತನ್ನ ನಾಲ್ಕಾರು ಜನರೊಂದಿಗೆ ರಸ್ತೆಯ ಆಚೆ ಬೇವಿನ ಮರದ ಪಕ್ಕ ಚಹಾ ಕುಡಿಯುತ್ತ, ಮದುವೆ ಮನೆಯ ಹೊರಗೆ ನಿಂತ ಮೊದಲ ಹೆಂಡತಿಯಂತೆ ವೇದಿಕೆಯನ್ನೇ ನೋಡುತ್ತಿದ್ದ.

ನಾಯಕರು ವೇದಿಕೆಯ ಮೆಟ್ಟಿಲ ಮೇಲೆ ಕಾಲಿಟ್ಟರು. ಸಿದ್ದು ಕರವಸ್ತ್ರ ಬೀಸಿದ. ನಾನು ಮೋಟಾರಿಗೆ ಜೀವ ಕೊಟ್ಟೆ. ಹೊಸ ಸಿಮೆಂಟ್ ರಸ್ತೆಯ ಮೇಲೆ ವಿಮಾನ ಬ್ಯಾನರ್ ಎಳೆದುಕೊಂಡು ಓಡಿತು, ಓಡಿತು, ರಸ್ತೆ ಮುಗಿಯುವಷ್ಟರಲ್ಲಿ ಒಲ್ಲದ ಮನಸ್ಸಿನಿಂದ ಎದ್ದಿತು. ಜನ ಹೋ ಎಂದರು. ವೇದಿಕೆಯ ನೇರಕ್ಕೆ ಬಂದಾಗ ಬಾಗಿಲಿನ ಗುಂಡಿ ಒತ್ತಿದೆ. ನಾಯಕರು ಕೈಮುಗಿದು, ಮುಖ ಮೇಲೆ ಮಾಡಿ, ಕಣ್ಣು ಮುಚ್ಚಿ ನಿಂತರು. ಒಂದು ಎಸಳೂ ಬೀಳಲಿಲ್ಲ. ಚೆಂಡುಹೂಗಳು ಬಾಗಿಲಿಗೆ ಸಿಕ್ಕಿಹಾಕಿಕೊಂಡಿದ್ದವು. ವಿಮಾನ ಮುಂದೆ ಹೋಯಿತು, ನಾಯಕರು ಕಣ್ಣು ಮುಚ್ಚಿಕೊಂಡೇ ಇದ್ದರು.

ಇನ್ನೊಂದು ಸುತ್ತು ತರೋಣವೆಂದು ತಿರುಗಿಸಿದೆ. ಅದು ಈಗ ನನ್ನ ಕಡೆ ಬರುತ್ತಿತ್ತು. ಬಲಕ್ಕೆ ಬರಲಿ ಎಂದು ಬಲ ಒತ್ತಿದೆ. ಅದು ಎಡಕ್ಕೆ ಹೋಯಿತು. ಗಾಬರಿಯಾಗಿ ಇನ್ನಷ್ಟು ಬಲ ಒತ್ತಿದೆ. ಅಷ್ಟರಲ್ಲಿ ಒಂದು ದೊಡ್ಡ ಗಾಳಿ ಬ್ಯಾನರಿಗೆ ಹೊಡೆದು ಬಾಲವನ್ನು ಹಿಂದಕ್ಕೆ ಜಗ್ಗಿತು. ವಿಮಾನ ಮೂತಿಯೆತ್ತಿ ರಸ್ತೆಯ ಆಚೆ, ಬೇವಿನ ಮರದ ನೇರಕ್ಕೆ, ಆಕಾಶದಲ್ಲಿ ಸುಮ್ಮನೆ ನಿಂತುಬಿಟ್ಟಿತು. ಆಮೇಲೆ ಮರದ ಟೊಂಗೆಗೆ ಬಡಿಯಿತು. ಪೆಟ್ಟಿಗೆ ಒಡೆಯಿತು. ಒಳಗಿದ್ದ ಚೆಂಡುಹೂವೆಲ್ಲ ಒಮ್ಮೆಲೇ ಹಣಮಂತ್ರಾಯನ ತಲೆ, ಹೆಗಲು, ಚಹಾದ ಕಪ್ಪಿನ ಮೇಲೆ ಸುರಿಯಿತು. ಹೂವು ಬಿದ್ದ ಕೂಡಲೇ ಬಾರಿಸಬೇಕೆಂದು ಹೇಳಿಸಿಕೊಂಡಿದ್ದ ಬ್ಯಾಂಡಿನವರು ತಮ್ಮ ಕರ್ತವ್ಯದಲ್ಲಿ ತಪ್ಪಲಿಲ್ಲ. ಕೊನೆಯಲ್ಲಿ ಬ್ಯಾನರ್ ನಿಧಾನವಾಗಿ ತೇಲಿಕೊಂಡು ಇಳಿದು ಅವನ ಪಾದದ ಹತ್ತಿರ ಹಾಸಿಕೊಂಡಿತು. ಕೈ ಜೋಡಿಸಿ ಬಾಗಿದ ಸಿದ್ದು ಹಣಮಂತ್ರಾಯನ ಕಾಲಿಗೆ ಬಿದ್ದಂತೆ ಕಾಣುತ್ತಿದ್ದ. ಎಲ್ಲರ ಮೊಬೈಲುಗಳೂ ಮೇಲೆದ್ದವು.

ಬ್ಯಾಂಡಿನ ಸದ್ದಿಗೆ ಕಣ್ಣು ತೆರೆದ ನಾಯಕರು ಆ ಕಡೆ ನೋಡಿ ಮೈಕಿನಲ್ಲೇ, "ಅವ್ರು ಯಾರ್ರಿ? ಇಷ್ಟು ಜನಪ್ರೀತಿ ಇದ್ದವ್ರನ್ನ ಕೆಳಗ ನಿಲ್ಲಿಸೀರಲ್ಲ, ಮ್ಯಾಲ ಕರೀರಿ" ಎಂದರು. ಹಣಮಂತ್ರಾಯ ಬುದ್ಧಿವಂತ. ತಲೆಯ ಮೇಲಿನ ಒಂದು ಹೂವನ್ನೂ ಕೊಡವಿಕೊಳ್ಳದೆ ಹಾಗೆಯೇ ನಡೆದು ಹೋಗಿ ನಾಯಕರ ಪಕ್ಕದ ಕುರ್ಚಿಯಲ್ಲಿ ಕುಳಿತ. ಅದು ಸಿದ್ದುವಿಗೆಂದು ಇಟ್ಟ ಕುರ್ಚಿಯಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಸಿದ್ದು ಶಾಮಿಯಾನದ ಹಿಂದೆ ನನ್ನನ್ನು ಹಿಡಿದ. ಮುಖ ಕಪ್ಪಿಟ್ಟಿತ್ತು. "ಮಾಮಾ, ಖರೇ ಹೇಳ್ರಿ. ಅವನ ಕಡಿಂದ ಎಷ್ಟು ತಗೊಂಡ್ರಿ?" ಎಂದ. ಇಷ್ಟು ವರ್ಷ ಆ ಕಚೇರಿಯಲ್ಲಿ ಕೂತರೂ ಯಾರೂ ಮುಖದ ಮೇಲೆ ಕೇಳದಿದ್ದ ಪ್ರಶ್ನೆಯನ್ನು, ನಾನು ಪೂರ್ತಿ ಬಿಟ್ಟಿಯಾಗಿ ಮಾಡಿದ ಒಂದೇ ಕೆಲಸಕ್ಕೆ, ನನ್ನ ಹೆಂಡತಿಯ ತಮ್ಮ ಕೇಳಿದ್ದ.

"ಸಿದ್ದು, ಗಾಳಿಗೆ ಆತೋ. ನನಗ ಎಡ ಬಲ ತಿಳೀಲಿಲ್ಲ."

"ಅಷ್ಟು ಮಂದಿಯೊಳಗ ಬರೋಬ್ಬರಿ ಅವನ ತಲಿ ಮ್ಯಾಲೇ ಬೀಳ್ತಾವೇನ್ರಿ ಹೂವ? ನನ್ನ ಫೋಟೋ ಬರೋಬ್ಬರಿ ಅವನ ಕಾಲಾಗೇ ಬೀಳ್ತದೇನ್ರಿ? ನನ್ನ ಇಜ್ಜತ್ ತೆಗದ್ರಿ ನೀವು" ಎಂದವನೇ ಹೋದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ನಗು ಬರಲಿಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

ಯಾದಗಿರಿಗೆ ಮರಳಿದೆವು. ಆಮೇಲೆ ಕೆಲವು ದಿನ ಶಾಂತಾಳ ಬದಲು ಊಟದ ತಟ್ಟೆಯೇ ನನ್ನ ಜೊತೆ ಮಾತಾಡುತ್ತಿತ್ತು, ಸಪ್ಪಳದಲ್ಲಿ. ತಮ್ಮನಿಗೆ ಫೋನು ಮಾಡಿ ನನ್ನ ಪರವಾಗಿ ವಾದಿಸಿದಳೆಂದು ಗೊಣಗಾಟದಿಂದ ತಿಳಿಯಿತು, ಅವನು ನಂಬಲಿಲ್ಲವಂತೆ. ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಒಮ್ಮೆಲೇ ಕೈ ನಿಲ್ಲಿಸಿದಳು. ಒಲೆಯ ಪಕ್ಕದಲ್ಲಿದ್ದ ಮೊಬೈಲಿಗೆ ಯಾರೋ ಆ ಫೋಟೋ ಕಳಿಸಿದ್ದರು. ಮೊದಲು ಅವಳ ಹೆಗಲು ಅಲುಗಿತು, ಅಳುತ್ತಿದ್ದಾಳೆಂದು ಹತ್ತಿರ ಹೋದೆ. ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಪಾಪ ಸಿದ್ದು... ನೋಡ್ರಿ, ಹೆಂಗ ಬಿದ್ದಾನ..." ಎಂದು ಹೇಳಲಾರದೆ ರೊಟ್ಟಿ ಸೀದುಹೋಗುವವರೆಗೂ ನಕ್ಕಳು. ಆ ಸೀದ ರೊಟ್ಟಿಯನ್ನು ನಾನು ತುಂಬ ಸಂತೋಷದಿಂದ ತಿಂದೆ.

ಮುಂದಿನ ಭಾನುವಾರ ಹಣಮಂತ್ರಾಯ ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೇ ಬಂದ. ನನಗೆ ಶಾಲು ಹೊದಿಸಿ, ಕುರ್ಚಿಯ ತುದಿಯಲ್ಲಿ ಕುಳಿತು, "ಸರ, ನೀವು ಸಂಬಂಧ ನೋಡಲಿಲ್ಲ, ನ್ಯಾಯ ನೋಡಿದ್ರಿ" ಎಂದ. ನಾನು ಅದಲ್ಲ, ಇದಲ್ಲ ಎಂದು ಏನೋ ಗೊಣಗಿದೆ. ಅವನು ಧ್ವನಿ ತಗ್ಗಿಸಿದ. "ಕಕ್ಕೇರಾದಾಗ ಇನ್ನೊಂದು ಫಂಕ್ಷನ್ ಅದರಿ. ಅಲ್ಲೂ ಹಿಂಗೇ ಆಗಬೇಕು. ಹೂವ ಸಾಹೇಬ್ರಿಗೆ ಅಂತ ಬಿಡೋದು, ಬೀಳೋದು ನನ್ನ ಮ್ಯಾಲ. ಅಪಘಾತ ಆದಂಗ ಕಾಣಬೇಕು ನೋಡ್ರಿ."

ಅವನು ಹೋದ ಮೇಲೆ ಇನ್ನೂ ವಿಚಿತ್ರವಾದದ್ದು ಆಯಿತು. ಮಾತು ಬಿಟ್ಟಿದ್ದ ಸಿದ್ದು ಅಕ್ಕನ ಮೊಬೈಲಿಗೆ ಫೋನು ಮಾಡಿ, ನನಗೆ ಕೊಡಬೇಡವೆಂದು ಹೇಳಿ, ನನಗೆ ಕೇಳುವಂತೆ ಕೂಗಿದ: "ಅಕ್ಕಾ, ಕಕ್ಕೇರಾಕ್ಕ ಅವ ಬರ್ತಾನಂತ. ಮಾಮಾಗ ಕೇಳು, ಈ ಸಲ ಹೂವಿನ ಬದಲಿ ಸಗಣಿ ಒಯ್ಯಾಕ ಆಗ್ತದೇನು ಅಂತ. ಅವ್ರ ಗುರಿ ಏನ್ ತಪ್ಪಂಗಿಲ್ಲ."

ಶಾಂತಾ ಮೊಬೈಲನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ನೋಡಿದಳು. "ಈಗರ ಹೇಳ್ರಿ ಖರೇ. ನನಗ ಇದು ಹಾರಸಾಕ ಬರಂಗಿಲ್ಲ ಅಂತ ಒಂದು ಮಾತು ಹೇಳ್ರಿ, ಇಬ್ರೂ ಬಿಡ್ತಾರ" ಎಂದಳು. ಹೇಳಬೇಕೆಂದೇ ಬಾಯಿ ತೆರೆದೆ. ಹೆಗಲ ಮೇಲಿನ ಶಾಲು ಬೆಚ್ಚಗಿತ್ತು. "ಸಗಣಿ ವಜನ ಜಾಸ್ತಿ ಆಗ್ತದ. ರೆಕ್ಕಿ ಇನ್ನೊಂದು ಗೇಣು ಉದ್ದ ಮಾಡಬೇಕು" ಎಂದೆ.

ನನಗೆ ವಿಮಾನ ಹಾರಿಸಲು ಬರುವುದಿಲ್ಲ ಎಂಬುದು ಈ ಜಿಲ್ಲೆಯಲ್ಲಿ ನನ್ನ ಹೆಂಡತಿಯೊಬ್ಬಳಿಗೆ ಗೊತ್ತು. ಬೇರೆ ಯಾರಿಗೆ ಹೇಳಿದರೂ ನಂಬುವುದಿಲ್ಲ. ಮೊದಮೊದಲು ನನಗೂ ಗೊತ್ತಿತ್ತು. ಈಚೆಗೆ ನಾನೂ ನಂಬುವುದನ್ನು ಬಿಟ್ಟಿದ್ದೇನೆ.